ಸೇತುವೆಯ ಕೆಳಗೆ ಊಟಕ್ಕೆ ಕರೆಯುತ್ತಿದ್ದವರು

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ತಾಲೂಕುಗಳನ್ನು ಜಾಲಾಡಿದರೂ ನಮ್ಮ ಸಾಹೇಬರಷ್ಟು ನಾಲಾಯಕ್ಕು ಇಂಜಿನಿಯರ್ ಇನ್ನೊಬ್ಬರು ಸಿಗುತ್ತಿರಲಿಲ್ಲ! ಸಿಟ್ಟಾಗಬೇಡಿ, ಇದು ನನ್ನ ಮಾತಲ್ಲ. ಅವರು ಮೂವತ್ತು ಚಿಲ್ಲರೆ ವರ್ಷ ದುಡಿದ ಇಲಾಖೆಯೇ ಕಾಲಕಾಲಕ್ಕೆ ಬರೆದು, ಸೀಲು ಹೊಡೆದು, ಮುದ್ದಾಂ ತಲುಪಿಸಿದ ಅಭಿಪ್ರಾಯ. ‘ಕಾಮಗಾರಿಯಲ್ಲಿ ಅನಗತ್ಯ ವಿಳಂಬ’, ‘ಗುತ್ತಿಗೆದಾರರೊಂದಿಗೆ ಅಸಹಕಾರ’, ‘ಮೇಲಧಿಕಾರಿಗಳಿಗೆ ಹಾಸ್ಯಾಸ್ಪದ ಉತ್ತರ’. ಇಂಥ ನೋಟಿಸು ಬಂದ ದಿನವೆಲ್ಲ ಸಾಹೇಬರು ಎದುರಿನ ಹೋಟೆಲಿನಿಂದ ಇಡೀ ಕಚೇರಿಗೆ ಬನ್ಸ್ ತರಿಸುತ್ತಿದ್ದರು. ಇವರಿಗೆ ಇನ್ನೊಂದು ನೋಟಿಸು ಬರಲಪ್ಪಾ ಎಂದು ನಾವು ಒಳಗೊಳಗೇ ಹರಕೆ ಹೊರುವಷ್ಟು ಆ ಬನ್ಸ್ ಚೆನ್ನಾಗಿರುತ್ತಿತ್ತು.

ಈಗ ಅವರು ಸತ್ತುಹೋಗಿದ್ದಾರೆ. ಸತ್ತು ಹದಿನೈದು ದಿನಕ್ಕೆ ಅದೇ ಇಲಾಖೆ ತನ್ನ ಸಭಾಂಗಣದಲ್ಲಿ ಅವರ ಫೋಟೋಗೆ ಹಾರ ಹಾಕಿ ‘ಸೇತುವೆಗಳ ಋಷಿ’ ಎಂದು ಕರೆಯಿತು. ನಾಲಾಯಕ್ಕಿನಿಂದ ಋಷಿಯ ಹುದ್ದೆಗೆ ಬಡ್ತಿ ಪಡೆಯಲು ನಮ್ಮಲ್ಲಿ ಒಂದೇ ಅರ್ಹತೆ ಸಾಕು, ಉಸಿರು ನಿಂತಿರಬೇಕು. ಆ ಸಭೆಯಲ್ಲಿ ನಾನೂ ಮಾತಾಡಿದೆ. ಏನು ಮಾತಾಡಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ, ಹೇಳದೆ ಬೇರೆ ದಾರಿಯಿಲ್ಲ. ಯಾಕೆಂದರೆ ಅವರನ್ನು ಮೂಲೆಗೆ ತಳ್ಳಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಮೊದಲು ನಗುವ ಸಂಗತಿಗಳನ್ನು ಮುಗಿಸಿಬಿಡೋಣ.

ನಾನು ಸಾಗರದವಳು. ಕಾಲೇಜು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಜೂನಿಯರ್ ಇಂಜಿನಿಯರ್ ಆಗಿ ಸಾಹೇಬರ ಕೈಕೆಳಗೆ ಸೇರಿದ ಮೊದಲ ದಿನ ಹೊಸ ಶೂ ಹಾಕಿಕೊಂಡು, ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಕೋಣೆಗೆ ಹೋದೆ. ಇಕ್ಕೇರಿ ಕಡೆಯ ಒಂದು ಹಳ್ಳಕ್ಕೆ ಸೇತುವೆ ಆಗಬೇಕಿತ್ತು. ಮೊದಲ ದಿನವೇ ಜಾಣೆ ಅನ್ನಿಸಿಕೊಳ್ಳಬೇಕಲ್ಲ! ಮನೆಯಲ್ಲೇ ಕೂತು ಎಲ್ಲ ಲೆಕ್ಕ ಮಾಡಿಕೊಂಡು ಬಂದಿದ್ದೆ.

‘ಇದೆಂತ?’ ಎಂದರು, ಕನ್ನಡಕ ಹಣೆಗೇರಿಸಿ.

‘ನೆರೆ ಲೆಕ್ಕ ಸರ್. ಐವತ್ತು ವರ್ಷಕ್ಕೆ ಒಂದ್ಸಲ ಬರೋ ನೆರೆ ಎಷ್ಟು ಎತ್ತರ ಬರ್ತದೆ ಅಂತ ಸಾಫ್ಟ್‌ವೇರ್‌ನಲ್ಲಿ ತೆಗ್ದಿದ್ದೀನಿ.’

‘ನಿಂಗೆ ವಯಸ್ಸೆಷ್ಟು?’

‘ಇಪ್ಪತ್ಮೂರು ಸರ್.’

‘ಮತ್ತೆ ಐವತ್ತು ವರ್ಷದ ನೆರೆ ನೀ ಯಾವಾಗ ನೋಡಿದ್ದು ಮಾರಾಯ್ತಿ? ಬಾ, ನೋಡಿದವ್ರ ಹತ್ರ ಹೋಗಾಣ.’

ಹೊರಟೆವು. ಕಚೇರಿಯ ಜೀಪಿಗೆ ಡ್ರೈವರ್ ಹುದ್ದೆ ಖಾಲಿ ಇದ್ದದ್ದರಿಂದ ಸಾಹೇಬರೇ ಓಡಿಸುತ್ತಿದ್ದರು. ಮುಂದಿನ ಸೀಟಿನಲ್ಲಿ ಒಂದು ಹಾರೆ ಒರಗಿಕೊಂಡು ಕೂತಿತ್ತು. ಹೌದು, ನೆಲ ಅಗೆಯುವ ಕಬ್ಬಿಣದ ಹಾರೆ. ನಾನು ಅದನ್ನು ಎತ್ತಿ ಹಿಂದೆ ಹಾಕಲು ಹೋದರೆ ಸಾಹೇಬರು, ‘ಅದು ಸೀನಿಯರ್. ನೀ ಹಿಂದೆ ಕೂತ್ಕೋ’ ಎಂದರು. ಆರು ವರ್ಷ ಅವರ ಜೊತೆ ಓಡಾಡಿದೆ, ಮುಂದಿನ ಸೀಟು ನನಗೆ ಸಿಗಲೇ ಇಲ್ಲ.

ಹಳ್ಳದ ಪಕ್ಕದ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಮೊಗೆಕಾಯಿ ಹೆಚ್ಚುತ್ತ ಕೂತಿದ್ದರು. ಸಾಹೇಬರು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ನೀರು ಎಲ್ಲಿಯವರೆಗೆ ಬಂದದ್ದು ನೋಡಿದ್ದೀರಮ್ಮಾ ಎಂದು ಕೇಳಿದರು.

‘ಯನ್ನ ಎರಡ್ನೇ ಮಗಳು ಹುಟ್ಟಿದ ವರ್ಷ ಆ ಹೆಬ್ಬಲಸಿನ ಕವಲಿನವರೆಗೆ ಬಂದಿತ್ತು ತಮಾ. ಅಷ್ಟು ನೀರು ಮತ್ತೆ ಬೈಂದಿಲ್ಲೆ’ ಎಂದ ಅಜ್ಜಿ ನನ್ನ ಕಡೆ ನೋಡಿ, ‘ಈ ಕೂಸು ಎಂತಕ್ಕೆ ಹಂಗೆ ನಿಂತ್ಕಂಡಿದ್ದು?’ ಎಂದು ಕೇಳಿದರು.

ನಾನು ನಿಂತಿದ್ದು ಗಾಬರಿಯಿಂದ. ಆ ಹೆಬ್ಬಲಸಿನ ಮರದ ಕವಲು ನನ್ನ ಸಾಫ್ಟ್‌ವೇರಿನ ಗೆರೆಗಿಂತ ಮೂರಡಿ ಮೇಲಿತ್ತು! ಸಾಹೇಬರು ಅಷ್ಟಕ್ಕೆ ಬಿಡಲಿಲ್ಲ. ಶೂ ಬಿಚ್ಚಿಸಿ ಹಳ್ಳಕ್ಕೆ ಇಳಿಸಿದರು. ನೀರು ಕಾಲನ್ನು ಯಾವ ಕಡೆ ತಳ್ಳುತ್ತದೆ ಹೇಳು ಎಂದರು. ನೀರಿಗಿಂತ ಮೊದಲು ರಕ್ತ ಹೀರುವ ಉಂಬಳಗಳು ಕಾಲು ಹತ್ತಿದವು. ನಾನು ಕಿರುಚಿದರೆ, ‘ಕಚ್ಲಿ ಬಿಡು. ಅವೂ ನಮ್ಮಂಗೆ ಇಲ್ಲೇ ಡ್ಯೂಟಿ ಮಾಡೋವು’ ಎಂದು ಸಮಾಧಾನ ಹೇಳಿದರು. ಇದು ನನ್ನ ಇಂಜಿನಿಯರಿಂಗ್ ವಿದ್ಯಾಭ್ಯಾಸದ ನಿಜವಾದ ಆರಂಭ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೇತುವೆಯನ್ನು ಮೂರಡಿ ಎತ್ತರಿಸಬೇಕು ಎಂಬ ಪ್ರಸ್ತಾವನೆಯಲ್ಲಿ ಸಾಹೇಬರು ಆಧಾರದ ಕಾಲಮ್ಮಿನಲ್ಲಿ ಬರೆದದ್ದು ಇದು: ‘ಸ್ಥಳೀಯ ಹಿರಿಯ ಮಹಿಳೆಯ ಎರಡನೆಯ ಮಗಳು ಜನಿಸಿದ ವರ್ಷದ ನೆರೆ’. ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು: ‘ಸದರಿ ಮಗಳ ಬಗ್ಗೆ ದೃಢೀಕರಣ ಒದಗಿಸಿ’. ಬೇರೆ ಯಾರಾದರೂ ಆಗಿದ್ದರೆ ಕವಲನ್ನು ಮರೆತು ನನ್ನ ಗೆರೆಗೇ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಸಾಹೇಬರು ಉತ್ತರ ಬರೆದರು: ‘ಸದರಿ ಮಗಳು ಆರೋಗ್ಯವಾಗಿದ್ದು, ಹೊಸನಗರದಲ್ಲಿ ಬಟ್ಟೆ ಹೊಲಿಯುತ್ತಿದ್ದಾರೆ. ಖುದ್ದು ಪರಿಶೀಲಿಸಬಹುದು. ರವಿಕೆಯನ್ನೂ ಚೆನ್ನಾಗಿ ಹೊಲಿಯುತ್ತಾರೆ’. ‘ಹಾಸ್ಯಾಸ್ಪದ ಉತ್ತರ’ ಎಂಬ ನೋಟಿಸು ಬಂದದ್ದು ಇದಕ್ಕೇ. ಅವತ್ತು ತಲಾ ಎರಡೆರಡು ಬನ್ಸ್ ತಿಂದೆವು. ಸೇತುವೆ ಮಾತ್ರ ಅಜ್ಜಿ ಹೇಳಿದ ಎತ್ತರಕ್ಕೇ ಎದ್ದಿತು. ಎರಡು ವರ್ಷದ ನಂತರ ಒಂದು ಆಷಾಢದಲ್ಲಿ ನನ್ನ ಗೆರೆಯನ್ನು ಮುಳುಗಿಸಿ ಎರಡಡಿ ಮೇಲೆ ನೀರು ಹರಿಯಿತು, ಸೇತುವೆಗೆ ತಾಗಲಿಲ್ಲ. ಆ ಬಗ್ಗೆ ಯಾರೂ ಯಾವ ಪತ್ರವನ್ನೂ ಬರೆಯಲಿಲ್ಲ.

ಇನ್ನು ಆ ಊಟದ ವಿಷಯ. ಸೇತುವೆಗೆ ಕಾಂಕ್ರೀಟು ಹಾಕಿದ ಮೇಲೆ ಅದು ಗಟ್ಟಿಯಾಗುವವರೆಗೆ ಕೆಳಗಿನಿಂದ ಹಲಗೆ, ಕಂಬಗಳು ಅದನ್ನು ಹೊತ್ತು ನಿಂತಿರುತ್ತವೆ. ಅವನ್ನು ಬಿಚ್ಚುವ ದಿನ ನಿಜವಾದ ಪರೀಕ್ಷೆಯ ದಿನ. ಲೋಕದ ಬೇರೆಲ್ಲ ಇಂಜಿನಿಯರುಗಳು ಆ ದಿನ ಸೇತುವೆಯಿಂದ ಮಾರು ದೂರ ನಿಂತು ನೋಡುತ್ತಾರೆ. ನಮ್ಮ ಸಾಹೇಬರು ಬಾಳೆಲೆ ಹಿಡಿದುಕೊಂಡು ಕೆಳಗೆ ಹೋಗಿ ಕೂರುತ್ತಿದ್ದರು! ಜೊತೆಗೆ ನಾನು ಕೂರಬೇಕು, ಮೇಸ್ತ್ರಿ ಕೂರಬೇಕು, ಮುಖ್ಯವಾಗಿ ಗುತ್ತಿಗೆದಾರ ಕೂರಬೇಕು. ಊಟ ಸಾಹೇಬರ ಮನೆಯಿಂದ ಬರುತ್ತಿತ್ತು. ತೀರ್ಥಹಳ್ಳಿಯಿಂದ ಅವರ ಹೆಂಡತಿ ಹತ್ತು ಜನಕ್ಕಾಗುವಷ್ಟು ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಕಟ್ಟಿ ಕಳಿಸುತ್ತಿದ್ದರು.

‘ನಾಳೆ ಇದ್ರ ಕೆಳಗೆ ಶಾಲೆ ಮಕ್ಕಳು ಮೀನು ಹಿಡೀತವೆ. ಮಳೆ ಬಂದ್ರೆ ದನ ಕಾಯೋರು ಬಂದು ನಿಲ್ತಾರೆ. ಅವ್ರಿಗಿಂತ ಮೊದ್ಲು ನಾವು ಕೂತು ಅನ್ನ ತಿನ್ಬೇಕು’ ಎನ್ನುವುದು ಅವರ ವಾದ.

ಮೊದಲ ಸಲ ಕೂತಾಗ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟಿದ್ದೆ. ಕಣ್ಣು ಮೇಲಿನ ಸ್ಲ್ಯಾಬಿನಲ್ಲಿ ನೆಟ್ಟಿತ್ತು. ಸಾಹೇಬರು, ‘ಮೇಲೆ ಎಂತ ಹುಡುಕ್ತೀಯ? ಉಪ್ಪಿನಕಾಯಿ ಎಲೆ ಮೇಲಿದೆ’ ಎಂದರು.

ಆದರೆ ಗುತ್ತಿಗೆದಾರರ ಪಾಡು ಕೇಳಬೇಡಿ. ಸಿಮೆಂಟು ಸರಿಯಾಗಿ ಹಾಕಿದವರು ಕೂತು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಉಳಿದವರಿಗೆ ಆ ದಿನವೇ ಏಕಾದಶಿ ಬರುತ್ತಿತ್ತು, ಸಂಕಷ್ಟಿ ಬರುತ್ತಿತ್ತು. ಒಬ್ಬನಿಗೆ ಹುಣ್ಣಿಮೆಯ ದಿನ ಸಂಕಷ್ಟಿ ಬಂದಿತ್ತು! ಇನ್ನೊಬ್ಬ ಮಹಾನುಭಾವ, ತನಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ತನ್ನ ಬದಲಿಗೆ ಹೆಂಡತಿಯ ಅಪ್ಪನನ್ನು ಕಳಿಸಿದ. ಆ ಮುದುಕರು ಏನೂ ತಿಳಿಯದೆ ಸಂತೋಷವಾಗಿ ಎಲೆಯ ಮುಂದೆ ಕೂತರು. ಸಾಹೇಬರು ಒಂದು ಕ್ಷಣ ಯೋಚಿಸಿ ಅವರನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ಮರದ ಕೆಳಗೆ ಕೂರಿಸಿ ಬಡಿಸಿದರು. ನನ್ನ ಕಿವಿಯಲ್ಲಿ, ‘ಸೇತುವೆಗೆ ಆಸರೆ ಕೊಟ್ಟ ಕಂಬ ಇನ್ನೊಂದು ತಿಂಗ್ಳು ತೆಗ್ಯೋದು ಬೇಡ. ಮಾವನ್ನೇ ಕಳ್ಸಿದಾನೆ ಅಂದ್ರೆ ಎಂತದೋ ಇದೆ’ ಎಂದರು. ಪರೀಕ್ಷೆ ಮಾಡಿಸಿದರೆ ನಿಜಕ್ಕೂ ಎಂತದೋ ಇತ್ತು.

ನನ್ನ ಮದುವೆಯ ಕತೆಯನ್ನೂ ಹೇಳಿಬಿಡುತ್ತೇನೆ. ಸಾಗರದ ಛತ್ರವೊಂದರಲ್ಲಿ ಮದುವೆ. ಸಾಹೇಬರು ಬಂದರು. ವರನನ್ನು ನೋಡಲಿಲ್ಲ, ನನ್ನ ಸೀರೆ ನೋಡಲಿಲ್ಲ, ನೆಟ್ಟಗೆ ತಲೆಯೆತ್ತಿ ಮಂಟಪದ ಮೇಲಿನ ತೊಲೆ, ಊಟದ ಹಾಲಿನ ತೊಲೆ ನೋಡಿದರು. ಹೋಗಿ ಅಪ್ಪನ ಹತ್ತಿರ ಏನೋ ಪಿಸುಗುಟ್ಟಿದರು. ಊಟದ ಹಾಲಿನಲ್ಲಿ ಎರಡು ಸಾಲು ಎಲೆಗಳು ಎದ್ದು ಬೇರೆ ಕಡೆಗೆ ಹೋದವು. ಧಾರೆ ಮುಗಿದ ಮೇಲೆ ನನ್ನ ಗಂಡ ಕೇಳಿದ ಮೊದಲ ಪ್ರಶ್ನೆ, ‘ಆ ಬಿಳಿ ಅಂಗಿಯವ್ರು ಯಾರು? ತಾಳಿ ಕಟ್ಟುವಾಗ ಎರಡು ಹೆಜ್ಜೆ ಎಡಕ್ಕೆ ಬನ್ನಿ ಅಂತ ಸನ್ನೆ ಮಾಡ್ತಿದ್ರು’. ಹಾಗೆ ನಮ್ಮ ಮದುವೆ ಮುಹೂರ್ತಕ್ಕೆ ಸರಿಯಾಗಿ, ಆದರೆ ಮಂಟಪದ ನಡುವಿನಿಂದ ಎರಡು ಹೆಜ್ಜೆ ಎಡಕ್ಕೆ ನಡೆಯಿತು!

ಸರಿ, ನಗು ಇಲ್ಲಿಗೆ ಸಾಕು. ಆ ಹಾರೆ ಯಾಕೆ ಜೀಪಿನಲ್ಲಿತ್ತು ಎಂದು ನೀವು ಕೇಳಲಿಲ್ಲ, ಆದರೂ ಹೇಳಬೇಕು. ಸೇತುವೆಯ ಕಂಬ ನಿಲ್ಲುವುದಕ್ಕೆ ನೆಲದಲ್ಲಿ ಗುಂಡಿ ತೋಡುತ್ತಾರೆ. ಬಂಡೆ ಸಿಗುವವರೆಗೂ ತೋಡಬೇಕು. ಬಂಡೆ ಸಿಕ್ಕಿತೋ ಇಲ್ಲವೋ ಎಂಬುದನ್ನು ಸಾಹೇಬರು ಗುಂಡಿಗೆ ಇಳಿದು ಹಾರೆ ಕುಟ್ಟಿ ನೋಡುತ್ತಿದ್ದರು. ‘ಬಂಡೆಯಾದ್ರೆ ಹಾರೆ ಕೈಗೆ ತಿರುಗಿ ಹೊಡೀತದೆ. ಮಣ್ಣಾದ್ರೆ ಸುಮ್ನೆ ಇರ್ತದೆ’ ಎಂದು ನನಗೂ ಕಲಿಸಿದರು. ಒಂದು ವರ್ಷದಲ್ಲಿ ನನ್ನ ಅಂಗೈಗೂ ಅದು ತಿಳಿಯತೊಡಗಿತು.

ಹೊಸನಗರ ತಾಲೂಕಿನ ನಗರ ಹೋಬಳಿಯ ಕಡೆಗೆ ಒಂದು ಹಳ್ಳ. ಊರಿನ ಹೆಸರು ಬೇಡ, ಆ ಊರಿನವರು ಏನೂ ತಪ್ಪು ಮಾಡಿದವರಲ್ಲ. ಹುಂಚಕ್ಕೆ ಹೋಗುವ ಬಸ್ಸು ಹಿಡಿಯಲು ಮಕ್ಕಳು ಆ ಹಳ್ಳ ದಾಟಬೇಕು. ಸೇತುವೆಯ ಗುತ್ತಿಗೆದಾರ ದೊಡ್ಡವರೊಬ್ಬರ ಹತ್ತಿರದ ನೆಂಟ. ಒಂದು ಶನಿವಾರ ನಡುಕಂಬದ ಗುಂಡಿ ನೋಡಲು ಹೋದೆವು. ಸಾಹೇಬರು ಹಾರೆ ನನ್ನ ಕೈಗೆ ಕೊಟ್ಟು, ‘ಇವತ್ತು ನೀ ಇಳಿ’ ಎಂದರು. ಇಳಿದೆ, ನಾಲ್ಕು ಕಡೆ ಕುಟ್ಟಿದೆ. ಅಂಗೈಗೆ ಏನೂ ಬರಲಿಲ್ಲ.

‘ಎಂತ ಹೇಳ್ತು?’

‘ಏನೂ ಹೇಳಲ್ಲ ಸರ್. ಮಣ್ಣು.’

‘ಕೇಳಿದ್ಯೇನಪ್ಪ? ಬಂಡೆ ಸಿಗೋವರೆಗೆ ತೋಡ್ಸು’ ಎಂದು ಗುತ್ತಿಗೆದಾರನಿಗೆ ಹೇಳಿ ಬಂದೆವು. ಮಾರನೇ ದಿನ ಭಾನುವಾರ. ಸೋಮವಾರ ಹೋಗಿ ನೋಡಿದರೆ ಗುಂಡಿಯ ತುಂಬ ಕಾಂಕ್ರೀಟು!

ಬಿಲ್ಲು ಪಾಸಾಗಲು ಬೇಕಾದ ಅಳತೆ ಪುಸ್ತಕದಲ್ಲಿ ಆ ಕಂಬವನ್ನು ಬರೆಯಲು ಸಾಹೇಬರು ಒಪ್ಪಲಿಲ್ಲ. ಕೆಲಸ ನಿಲ್ಲಿಸಿ ಎಂದು ಮೇಲೆ ಬರೆದರು, ಮೇಲಿನವರು ಮುಂದುವರಿಸಿ ಎಂದು ಕೆಳಗೆ ಬರೆದರು. ಸೇತುವೆ ಎದ್ದು ನಿಂತಿತು, ಉದ್ಘಾಟನೆಗೆ ದಿನವೂ ಗೊತ್ತಾಯಿತು. ಹಲಗೆ ಬಿಚ್ಚಿದ ದಿನ ಸಾಹೇಬರು ದಡದಲ್ಲೇ ನಿಂತರು. ‘ಇದ್ರ ಕೆಳಗೆ ನಾ ಕೂರಲ್ಲ. ನಿನ್ನನ್ನೂ ಕೂರ್ಸಲ್ಲ. ಮಕ್ಕಳ್ನ ಹೆಂಗೆ ದಾಟ್ಸ್ಲಿ?’ ಎಂದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ.

ಒಂದು ವಾರದಲ್ಲಿ ಅವರ ಮೇಲೆ ದೂರು ಬಂತು. ಏನಂತ ಗೊತ್ತೇ? ‘ಈ ಅಧಿಕಾರಿ ಪ್ರತಿ ಕಾಮಗಾರಿಯಲ್ಲೂ ಗುತ್ತಿಗೆದಾರರಿಂದ ಊಟೋಪಚಾರ ಕೇಳುತ್ತಾರೆ. ಈ ಸಲ ಕೊಡದ ಕಾರಣ ಸಹಿ ಹಾಕುತ್ತಿಲ್ಲ. ಗುಂಡಿಯ ಕತೆ ಸುಳ್ಳು’. ಅವರ ಹೆಂಡತಿ ಬೆಳಗ್ಗೆ ಎದ್ದು ಕಲಸಿದ ಚಿತ್ರಾನ್ನ ಹೀಗೆ ಲಂಚವಾಯಿತು!

ವಿಚಾರಣೆ ನಡೆಯಿತು. ಉದ್ದನೆಯ ಮೇಜು, ಆಚೆ ಮೂವರು ಅಧಿಕಾರಿಗಳು, ನಡುವೆ ಒಂದು ತಟ್ಟೆ ಬಿಸ್ಕತ್ತು. ಈಚೆ ಸಾಹೇಬರು, ಪಕ್ಕದ ಕುರ್ಚಿಯಲ್ಲಿ ಸಾಕ್ಷಿಯಾಗಿ ನಾನು. ಗುಂಡಿಗೆ ಇಳಿದವಳು ನಾನು, ಊಟ ಎಲ್ಲಿಂದ ಬರುತ್ತಿತ್ತು ಎಂದು ಬಲ್ಲವಳು ನಾನು. ಇಡೀ ಪ್ರಕರಣ ಮುಗಿಯಲು ನನ್ನ ಎರಡು ವಾಕ್ಯ ಸಾಕಿತ್ತು. ಹಿಂದಿನ ದಿನ ಒಬ್ಬರು ಫೋನು ಮಾಡಿ ತುಂಬ ಪ್ರೀತಿಯಿಂದ ಮಾತಾಡಿದ್ದರು. ನಿಮ್ಮ ಮಗುವಿಗೆ ಎಷ್ಟು ವರ್ಷ, ಬಡ್ತಿಯ ಫೈಲು ಎಲ್ಲಿದೆ ಗೊತ್ತೇನಮ್ಮ, ಬೀದರ್ ಕಡೆ ಇಂಜಿನಿಯರುಗಳ ಕೊರತೆ ಇದೆಯಂತೆ, ಇಷ್ಟೇ. ಬೆದರಿಕೆ ಅಂತ ಹೇಳಲು ಅದರಲ್ಲಿ ಒಂದು ಮಾತೂ ಇರಲಿಲ್ಲ.

‘ನೀವು ಆ ಗುಂಡಿಯನ್ನು ಕಣ್ಣಾರೆ ನೋಡಿದ್ದೀರಾ?’

‘ಇಲ್ಲ ಸರ್. ನಾನು ಮೇಲೆ ಜೀಪಿನ ಹತ್ರ ಇದ್ದೆ.’

‘ಊಟ ಯಾರು ತರಿಸುತ್ತಿದ್ದರು?’

‘ಗೊತ್ತಿಲ್ಲ ಸರ್.’

ಆರು ವರ್ಷ ತಿಂದ ಅನ್ನ ಎಲ್ಲಿಂದ ಬಂತೆಂದು ನನಗೆ ಗೊತ್ತಿರಲಿಲ್ಲ! ಸಾಹೇಬರು ನನ್ನ ಕಡೆ ತಿರುಗಲಿಲ್ಲ. ನನ್ನ ಹೇಳಿಕೆಯನ್ನು ಟೈಪು ಮಾಡಿ ಅವರ ಮುಂದಿಟ್ಟರು. ಅವರು ಪೂರ್ತಿ ಓದಿ, ಓದಿದ್ದೇನೆ ಎಂದು ಸಹಿ ಮಾಡಿದರು. ಹೊರಗೆ ಬಂದ ಮೇಲೆ ಗಡಿಯಾರ ನೋಡಿಕೊಂಡು, ‘ನಿಂಗೆ ಸಾಗರದ ಬಸ್ಸು ಸಿಗ್ತದಾ?’ ಎಂದು ಕೇಳಿದರು. ಸಿಗ್ತದೆ ಸರ್ ಎಂದೆ. ‘ಆತು ಹಂಗಾರೆ, ಹೊರಡು’ ಎಂದರು.

ಅವರನ್ನು ಕೆಲಸವಿಲ್ಲದ ಒಂದು ಮೇಜಿಗೆ ಕಳಿಸಿದರು. ಹಳೆಯ ಕಡತಗಳ ಕೋಣೆ, ಕಿಟಕಿಯಿಲ್ಲ. ನಿವೃತ್ತಿಗೆ ಉಳಿದಿದ್ದ ಎರಡು ವರ್ಷ ಅಲ್ಲಿಯೇ ಕಳೆದವು. ಅಲ್ಲಿಂದ ಅವರು ಮೇಲೆ ಬರೆದ ಒಂದೇ ಪತ್ರ ಇಡೀ ಇಲಾಖೆಯಲ್ಲಿ ಕೈಯಿಂದ ಕೈಗೆ ಓಡಾಡಿತು: ‘ನನಗೆ ಕೊಟ್ಟಿರುವ ಮೇಜಿನ ಒಂದು ಕಾಲಿಗೆ ತಳಪಾಯ ಸಾಲದು. ಪರಿಶೀಲಿಸಲು ಸಮಿತಿ ರಚಿಸಬಹುದು’. ಎಲ್ಲರೂ ನಕ್ಕರು. ಆ ಮೇಜಿನ ಮುಂದೆ ದಿನಕ್ಕೆ ಎಂಟು ತಾಸು ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ ಎನ್ನುವುದು ನಗುವಾಗ ಯಾರಿಗೂ ನೆನಪಾಗಲಿಲ್ಲ.

ಸೇತುವೆಯ ಗತಿ? ಎರಡನೇ ಮಳೆಗಾಲಕ್ಕೆ ನಡುಕಂಬ ಒಂದು ಗೇಣು ಕುಸಿದು ಕೂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಎರಡೂ ಕಡೆ ಮುಳ್ಳು ಹಾಕಿ ದಾರಿ ಮುಚ್ಚಿದರು. ಮಕ್ಕಳು ಈಗಲೂ ಸುತ್ತು ಬಳಸಿ ನಡೆದೇ ಬಸ್ಸಿಗೆ ಹೋಗುತ್ತಾರೆ. ಕಾರಣ ಏನೆಂದು ವರದಿ ಬೇಕಾಯಿತು. ‘ಹಿಂದೆಂದೂ ಕಾಣದ ಅತಿವೃಷ್ಟಿಯಿಂದ’ ಎಂದು ವರದಿ ಹೋಯಿತು. ಅದನ್ನು ಬರೆದವಳು ಬಡ್ತಿ ಪಡೆದ ನಾನೇ. ಅಕ್ಷರ ತುಂಬ ದುಂಡಗಿದೆ ಎಂದು ಮೇಲಿನವರು ಮೆಚ್ಚಿದರು.

ಸಾಹೇಬರು ನಿವೃತ್ತರಾಗಿ ತೀರ್ಥಹಳ್ಳಿಯ ಮನೆಯಲ್ಲಿದ್ದರು. ತಪ್ಪಾಯಿತು ಸರ್ ಎಂದು ಹೇಳಿ ಬರಲು ಮೂರು ಸಲ ಹೊರಟೆ. ಮೂರು ಸಲವೂ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕಾಫಿ ಕುಡಿದು, ಅದೇ ಬಸ್ಸಿಗೆ ವಾಪಸು ಹತ್ತಿದೆ. ದೀಪಾವಳಿಗೆ ಅವರೇ ಫೋನು ಮಾಡುತ್ತಿದ್ದರು. ‘ಮಗಳು ಎಷ್ಟನೇ ಕ್ಲಾಸು? ಅವ್ಳಿಗೆ ಈಜು ಕಲ್ಸು ಮಾರಾಯ್ತಿ’ ಎನ್ನುತ್ತಿದ್ದರು. ಆ ವಿಚಾರಣೆಯ ಮಾತು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಹಬ್ಬಕ್ಕೆ ಹೇಳಿದರಾಯಿತು ಎಂದು ಎಷ್ಟು ಹಬ್ಬಗಳನ್ನು ದಾಟಿಸಿದೆನೋ!

ಅವರು ಸತ್ತ ಸುದ್ದಿ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ನಲವತ್ತು ಜೋಡಿ ಮುಗಿದ ಕೈಗಳು, ಅದರ ಕೆಳಗೆ ‘ನಾಳೆಯ ಪ್ರಗತಿ ಪರಿಶೀಲನಾ ಸಭೆ ಹನ್ನೊಂದಕ್ಕೆ’ ಎಂಬ ಸಂದೇಶ, ಅದಕ್ಕೆ ನಲವತ್ತು ಹೆಬ್ಬೆರಳು. ನಾನೂ ಎರಡನ್ನೂ ಒತ್ತಿದೆ.

ಶ್ರದ್ಧಾಂಜಲಿ ಸಭೆಯಲ್ಲಿ ಅತಿ ಹೆಚ್ಚು ಹೊತ್ತು ಮಾತಾಡಿದವರು ಅವರನ್ನು ಕಿಟಕಿಯಿಲ್ಲದ ಕೋಣೆಗೆ ಕಳಿಸಿದ ಅಧಿಕಾರಿಯೇ. ‘ಅವರು ನನ್ನ ಗುರು’ ಎಂದು ಕರವಸ್ತ್ರ ತೆಗೆದರು. ಒಂದು ನಿಮಿಷದ ಮೌನ ನಲವತ್ತು ಸೆಕೆಂಡಿಗೆ ಮುಗಿಯಿತು. ಸಾಹೇಬರಾಗಿದ್ದರೆ ಅಳತೆ ಪುಸ್ತಕದಲ್ಲಿ ಬರೆಯಲು ಒಪ್ಪುತ್ತಿರಲಿಲ್ಲ! ಆಮೇಲೆ ‘ಅವರ ನೆಚ್ಚಿನ ಶಿಷ್ಯೆ’ ಎಂದು ನನ್ನನ್ನು ಕರೆದರು. ಮೈಕಿನ ಮುಂದೆ ನಿಂತೆ. ಗುಂಡಿಗೆ ಇಳಿದವಳು ನಾನು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿತ್ತೇ? ನಾನು ಹೇಳಿದ್ದು ಇಷ್ಟು: ‘ಸರ್ ನಮಗೆಲ್ಲ ದಾರಿದೀಪವಾಗಿದ್ದರು. ಅವರ ಆದರ್ಶ ನಮಗೆ ಸ್ಫೂರ್ತಿ. ನಮಸ್ಕಾರ’. ಚಪ್ಪಾಳೆ ಬಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಭಾನುವಾರ ತೀರ್ಥಹಳ್ಳಿಗೆ ಹೋದೆ. ಈ ಸಲ ಕಾಫಿ ಕುಡಿಯಲಿಲ್ಲ, ನೇರವಾಗಿ ಮನೆಗೇ ನಡೆದೆ. ಸಾಹೇಬರ ಹೆಂಡತಿ ಜಗಲಿಯಲ್ಲಿ ಕೂತು ಯಾರೋ ಕಳಿಸಿದ ಸಂತಾಪದ ಪತ್ರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ, ‘ಬಂದ್ಯಾ? ಈಗಾರೂ ಬಂದ್ಯಲ್ಲ’ ಎಂದರು. ನಾನು ಅಂಗಳದಲ್ಲೇ ನಿಂತೆ. ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ.

‘ಅಮ್ಮಾ, ಆ ವಿಚಾರಣೆ ದಿನ ನಾನು...’ ಎಂದು ಶುರು ಮಾಡಿದೆ.

‘ಗೊತ್ತು. ನೀ ಜೀಪಿನ ಹತ್ರ ಇದ್ದೆ ಅಂದದ್ದು’ ಎಂದರು. ‘ನಮ್ಮ ಮಗಳಿಗೆ ನಿನ್ನ ಮೇಲೆ ಭಾರಿ ಸಿಟ್ಟು ಬಂದಿತ್ತು. ಫೋನು ಮಾಡಿ ಬೈತೀನಿ ಅಂತ ಕೂತಿದ್ಲು. ಇವ್ರು ಫೋನು ಕಿತ್ಕೊಂಡ್ರು. ಮಗಳಿಗೆ, ಹಂಗೆ ಹೇಳು ಅಂತ ಆ ಹುಡುಗಿಗೆ ನಾನೇ ಹೇಳ್ಕೊಟ್ಟದ್ದು, ಅವ್ಳು ಆಗೋದೇ ಇಲ್ಲ ಅಂತ ಅತ್ಲು, ಎಳೇ ಮಗು ಇದೆ, ನನ್ನ ಜೊತಿಗೆ ನೀ ಹಾಳಾಗ್ಬೇಡ ಅಂತ ಗದರ್ಸಿ ಒಪ್ಪಿಸ್ದೆ ಅಂದ್ರು. ಆಮೇಲೆ ಮಗಳು ಸುಮ್ನಾದ್ಲು.’

ಸಾಹೇಬರು ನನಗೆ ಏನೂ ಹೇಳಿಕೊಟ್ಟಿರಲಿಲ್ಲ. ನಾನು ಅತ್ತಿರಲಿಲ್ಲ. ಅವರು ಗದರಿಸಿರಲಿಲ್ಲ. ಒಂದು ಗೇಣು ಸುಳ್ಳು ಬರೆಯಲು ಒಪ್ಪದೆ ಎರಡು ವರ್ಷ ಕತ್ತಲ ಕೋಣೆಯಲ್ಲಿ ಕೂತ ಮನುಷ್ಯ ಸ್ವಂತ ಮಗಳ ಮುಂದೆ, ಸ್ವಂತ ಹೆಂಡತಿಯ ಮುಂದೆ ಇಷ್ಟುದ್ದದ ಸುಳ್ಳು ಹೇಳಿದ್ದರು. ಅದೂ ಅಳುವನ್ನೆಲ್ಲ ಸೇರಿಸಿ, ನಾನು ಇದ್ದದ್ದಕ್ಕಿಂತ ಒಳ್ಳೆಯವಳಾಗಿ ಕಾಣುವ ಹಾಗೆ. ನಾನು ಈಗ ಹೌದಮ್ಮಾ ಎಂದು ತಲೆಯಾಡಿಸಿದರೆ ಸಾಕಿತ್ತು. ಆ ಮನೆಯಲ್ಲಿ ನನ್ನ ಹೆಸರು ಉಳಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

‘ಇಲ್ಲಮ್ಮಾ’ ಎಂದೆ. ‘ಅವ್ರು ಹೇಳ್ಕೊಡ್ಲಿಲ್ಲ. ಒಂದು ಮಾತೂ ಹೇಳ್ಲಿಲ್ಲ. ಗುಂಡಿಗೆ ಇಳ್ದು ನೋಡಿದ್ದು ನಾನೇ. ಹೆದ್ರಿ ಸುಳ್ಳು ಹೇಳಿದ್ದೂ ನಾನೇ.’

ಅವರು ಕೈಯಲ್ಲಿದ್ದ ಪತ್ರವನ್ನು ಮಡಚಿ ಪಕ್ಕಕ್ಕಿಟ್ಟರು. ಬೈಯಲಿ, ಅದಕ್ಕೇ ಬಂದದ್ದು ಎಂದು ನಾನು ತಲೆ ತಗ್ಗಿಸಿದೆ.

‘ಗೊತ್ತಿತ್ತು ಕಣೆ’ ಎಂದರು. ‘ಮೂವತ್ತೈದು ವರ್ಷ ಸಂಸಾರ ಮಾಡಿದೀನಿ, ಅವ್ರಿಗೆ ಸುಳ್ಳು ಹೇಳಕ್ಕೆ ಬರ್ತಿರಲಿಲ್ಲ. ಅವತ್ತು ಹೇಳುವಾಗ ಕಣ್ಣು ಎತ್ತಿ ನನ್ನ ಕಡೆ ನೋಡ್ಲೇ ಇಲ್ಲ. ಆದ್ರೆ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದಾರೆ, ಅದೂ ನಿನ್ನ ಸಲುವಾಗಿ. ಅದನ್ನ ಹಿಡ್ದು ಹಾಕಿ ನಾ ಎಂತ ಮಾಡ್ಲಿ?’

ನನಗೆ ಆಗ ಅಳು ಬಂತು. ಸಭೆಯಲ್ಲಿ ಬಾರದ್ದು, ಫೋನಿನಲ್ಲಿ ಸುದ್ದಿ ಓದಿದಾಗ ಬಾರದ್ದು, ವಿಚಾರಣೆಯ ದಿನ ಬಸ್ಸಿನಲ್ಲಿ ಬಾರದ್ದು, ಎಲ್ಲವೂ ಆ ಅಂಗಳದಲ್ಲಿ ಒಟ್ಟಿಗೆ ಬಂತು. ಅವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

‘ನೋಡು, ಅವ್ರು ಹೇಳಿದ್ದು ಇವತ್ತು ನಿಜ ಆತು’ ಎಂದರು. ‘ನೀ ಅತ್ಬಿಟ್ಯಲ್ಲ. ಈಗ ಒಳಗೆ ಬಾ.’